ಒಂದೇ ತಂಬಿಗೆ, ಏಳು ದಿನ

ಹೊಸದಾಗಿ ಚಿತ್ರ ತೆಗೆಯೋಕೆ ಕೂತವರ ನೋಟ್‌ಬುಕ್ ತೆರೆದು ನೋಡ್ರಿ. ಮೊದಲ ಪುಟದಲ್ಲಿ ನವಿಲು, ಎರಡರಲ್ಲಿ ಬುದ್ಧ, ಮೂರರಲ್ಲಿ ಯಾವುದೋ ಸಿನಿಮಾ ನಟನ ಮುಖ. ಎಲ್ಲಾ ಮೊಬೈಲ್ ನೋಡಿ ತೆಗೆದದ್ದು. ಅಲ್ಲಿಂದ ಮುಂದೆ ಬಿಳಿ ಹಾಳೆ. ಯಾಕಂದರೆ ನಾಲ್ಕನೇ ದಿನ 'ಇವತ್ತು ಏನು ತೆಗೀಲಿ' ಅಂತ ಹುಡುಕೋದರಲ್ಲೇ ಅರ್ಧ ತಾಸು ಹೋಗಿರುತ್ತದೆ. ಇದಕ್ಕೆ ಜನ ತಮ್ಮ ಸೋಮಾರಿತನವನ್ನು ಬೈದುಕೊಳ್ಳುತ್ತಾರೆ. ನನ್ನ ಪ್ರಕಾರ ಕೆಡಿಸಿದ್ದು ದಿನಕ್ಕೊಂದು ಹೊಸದು ಬೇಕು ಅನ್ನೋ ಹಟ. ಅಡುಗೆಮನೆಯಿಂದ ಒಂದು ತಂಬಿಗೆ ತಂದಿಡ್ರಿ, ಏಳು ದಿನ ಅದನ್ನೇ ತೆಗೀರಿ.

ಸಾಮಾನಿನ ಮಾತು ಬೇಗ ಮುಗಿಸೋಣ. ಒಂದು 2ಬಿ, ಒಂದು 4ಬಿ ಪೆನ್ಸಿಲ್ (ಬಿ ಅಂದರೆ ಮೆತ್ತನೆಯದು, ಅಂಕಿ ಹೆಚ್ಚಿದಷ್ಟೂ ಕಪ್ಪು ಹೆಚ್ಚು), ಒಂದು ರಬ್ಬರ್, ಗೆರೆ ಇಲ್ಲದ ಎ5 ಅಳತೆಯ ನೋಟ್‌ಬುಕ್. ಎಚ್ ಅನ್ನೋ ಗಟ್ಟಿ ಪೆನ್ಸಿಲ್ ಬೇಡ. ಅದರಲ್ಲಿ ಜೇಡಿಮಣ್ಣಿನ ಪಾಲು ಹೆಚ್ಚು, ಗೆರೆ ತೆಳು ಬರುತ್ತದೆ, ತೆಳು ಅಂತ ನೀವು ಒತ್ತುತ್ತೀರಿ, ಒತ್ತಿದ ಗುರುತು ಅಳಿಸಿದರೂ ಹಾಳೆಯಲ್ಲಿ ಉಳಿಯುತ್ತದೆ. ಝೆರಾಕ್ಸ್ ಅಂಗಡಿಯ 75 ಜಿಎಸ್‌ಎಂ ಹಾಳೆ ಹೊಲಿದುಕೊಂಡರೂ ನಡೆದೀತು. ನುಣುಪಾಗಿ ಮಿಂಚುವ ಹಾಳೆ ಮಾತ್ರ ತರಬೇಡ್ರಿ, ಪೆನ್ಸಿಲ್ ಅದರ ಮೇಲೆ ಜಾರುತ್ತದೆ, ಕಪ್ಪು ಹಿಡಿಯೋದಿಲ್ಲ. ಪೆನ್ಸಿಲ್ಲನ್ನು ಬ್ಲೇಡಿನಿಂದ ಕೆತ್ತಿ ಸೀಸ ಒಂದು ಸೆಂಟಿಮೀಟರ್ ಹೊರಗೆ ಬಿಡ್ರಿ. ತುದಿಯಿಂದ ಗೆರೆ, ಮಗ್ಗುಲಿನಿಂದ ನೆರಳು, ಎರಡೂ ಒಂದರಲ್ಲೇ ಆಗುತ್ತದೆ. ಸಾವಿರಾರು ರೂಪಾಯಿಯ ಕಿಟ್ ತಂದವರು ಹಾಳೆ ಕೆಟ್ಟೀತು ಅಂತ ಮುಟ್ಟೋದೇ ಇಲ್ಲ.

ದಿನಕ್ಕೆ 15 ನಿಮಿಷ ಸಾಕು. ಬೆಳಿಗ್ಗೆ ಚಹಾ ಆದ ಕೂಡಲೇ ಕೂತರೆ ಒಳ್ಳೇದು. ಹೊತ್ತಿಗಿಂತ ಜಾಗ ಮುಖ್ಯ. ಕಿಟಕಿ ನಿಮ್ಮ ಎಡಕ್ಕಿರಲಿ (ಎಡಚರಾದರೆ ಬಲಕ್ಕೆ), ಇಲ್ಲದಿದ್ದರೆ ಕೈಯ ನೆರಳೇ ಗೆರೆಯ ಮೇಲೆ ಬೀಳುತ್ತದೆ. ಟ್ಯೂಬ್‌ಲೈಟ್ ಆರಿಸ್ರಿ. ಕಿಟಕಿಯದೊಂದು, ದೀಪದ್ದೊಂದು ಅಂತ ತಂಬಿಗೆಗೆ ಎರಡು ನೆರಳು ಬಿದ್ದರೆ ಹೊಸಬರಿಗೆ ತಲೆ ಕೆಡುತ್ತದೆ. ತಂಬಿಗೆಯೂ ಥಳಥಳ ಹೊಳೆಯುವ ಸ್ಟೀಲಿನದು ಬೇಡ. ಅದರಲ್ಲಿ ಕಿಟಕಿ, ಗೋಡೆ, ನಿಮ್ಮ ಮುಖ ಎಲ್ಲಾ ಕಾಣುತ್ತದೆ. ಹುಣಸೆಹಣ್ಣು ಕಾಣದೆ ಮಂಕಾದ ಹಿತ್ತಾಳೆಯದು ಇದ್ದರೆ ಅದಕ್ಕಿಂತ ಒಳ್ಳೆಯ ಗುರು ಇಲ್ಲ.

ಈಗ ತಂಬಿಗೆ. ಮೊದಲು ತಂಬಿಗೆಯ ನಟ್ಟನಡುವೆ ಮೇಲಿಂದ ಕೆಳಗೆ ಒಂದು ನಡುಗೆರೆ ಎಳೀರಿ. ಆಮೇಲೆ ಅಳತೆ: ಕೈ ಪೂರಾ ಚಾಚಿ, ಮೊಣಕೈ ಬಿಗಿ ಹಿಡಿದು, ಒಂದು ಕಣ್ಣು ಮುಚ್ಚಿ, ಬಾಯಿಯ ಅಗಲವನ್ನು ಪೆನ್ಸಿಲ್ ಮೇಲೆ ಹೆಬ್ಬೆರಳಿನಿಂದ ಗುರುತು ಮಾಡಿಕೊಳ್ರಿ. ಅದು ಎತ್ತರದಲ್ಲಿ ಎಷ್ಟು ಸಲ ಹಿಡಿಯುತ್ತದೆ ನೋಡ್ರಿ. ಮೊಣಕೈ ಒಂಚೂರು ಮಡಚಿದರೂ ಪೆನ್ಸಿಲ್ ಕಣ್ಣಿಗೆ ಹತ್ತಿರ ಬಂದು ಅಳತೆ ಸುಳ್ಳಾಗುತ್ತದೆ. ಕುತ್ತಿಗೆ ಎಲ್ಲಿ ಸಣ್ಣದಾಯಿತು, ಹೊಟ್ಟೆ ಎಲ್ಲಿ ಅತೀ ಅಗಲವಾಯಿತು, ಈ ಎರಡು ಗುರುತು ಹಾಕಿದ ಮೇಲೆ ಸುತ್ತಿನ ಗೆರೆ.

ತಪ್ಪು ನಡೆಯೋದು ಬಾಯಿ ಮತ್ತು ತಳದಲ್ಲಿ. ಬಾಯಿ ದುಂಡಗಿದೆ ಅಂತ ಗೊತ್ತಲ್ಲ, ಹಾಗಾಗಿ ಕಾಣೋದಕ್ಕಿಂತ ದುಂಡಗೆ ತೆಗೆಯುತ್ತೇವೆ. ತಳ ಮೇಜಿನ ಮೇಲೆ ಸಪಾಟಾಗಿ ಕೂತಿದೆ ಅಂತಲೂ ಗೊತ್ತು, ಅಲ್ಲಿ ಸ್ಕೇಲ್ ಇಟ್ಟ ಹಾಗೆ ನೇರ ಗೆರೆ. ಕೈ ಬರೆಯೋದು ತಲೆಯೊಳಗಿನ ತಂಬಿಗೆಯನ್ನ. ಪರೀಕ್ಷೆ ಮಾಡ್ರಿ: ತಂಬಿಗೆಯ ಬಾಯಿ ಕಣ್ಣಿನ ಮಟ್ಟಕ್ಕೆ ಬರುವ ಹಾಗೆ ಹಿಡೀರಿ, ಬಾಯಿ ಬರೀ ಒಂದು ಗೆರೆ. ನಿಧಾನ ಕೆಳಗಿಳಿಸ್ರಿ, ಮೊದಲು ಚಪ್ಪಟೆ ಅಂಡಾಕಾರ, ಆಮೇಲೆ ಅಗಲವಾಗಿ ತೆರೆಯುತ್ತ ಹೋಗುತ್ತದೆ. ತಳ ಬಾಯಿಗಿಂತಲೂ ಕೆಳಗಿದೆ, ಅಂದಮೇಲೆ ತಳದ ಬಾಗು ಬಾಯಿಯದಕ್ಕಿಂತ ಹೆಚ್ಚಿರಬೇಕು. ಇನ್ನೊಂದು, ಅಂಡಾಕಾರದ ಎರಡು ತುದಿ ಬಾದಾಮಿಯಂತೆ ಚೂಪಾಗಬಾರದು, ಎಷ್ಟೇ ಚಪ್ಪಟೆಯಿದ್ದರೂ ತುದಿ ದುಂಡಗೇ ತಿರುಗಬೇಕು. ಮಣಿಕಟ್ಟು ಹಾಳೆಗೆ ಆನಿಸಿ ಬೆರಳಿನಿಂದ ಎಳೆದರೆ ಚೂಪಾಗುತ್ತದೆ. ಕೈ ಎತ್ತಿ, ಹಾಳೆ ಮುಟ್ಟದೆ ಗಾಳಿಯಲ್ಲಿ ಎರಡು ಸುತ್ತು ತಿರುಗಿಸಿ, ಮೂರನೇ ಸುತ್ತಿಗೆ ಪೆನ್ಸಿಲ್ ಇಳಿಸ್ರಿ. ಮುಗಿದ ಮೇಲೆ ನೋಟ್‌ಬುಕ್ ತಲೆಕೆಳಗು ಮಾಡಿದರೆ ಯಾವ ಕಡೆ ಹೊಟ್ಟೆ ಸೊಟ್ಟಗಾಗಿದೆ ಅನ್ನೋದು ಕೂಡಲೇ ಕಾಣುತ್ತದೆ.

ಹಾಳೆ ಹರಿಯಬೇಡ್ರಿ, ಅಳಿಸಿ ಚೆಂದ ಮಾಡಬೇಡ್ರಿ. ತಾರೀಕು ಹಾಕಿ ಮುಚ್ಚಿಬಿಡ್ರಿ. ಒಂದು ದಿನ ತಪ್ಪಿದರೆ ಮರುದಿನ ಎರಡು ತೆಗೆಯುವ ಬಾಕಿ ಲೆಕ್ಕ ಬೇಡ. ಸಾಲ ಬೆಳೆದಷ್ಟೂ ನೋಟ್‌ಬುಕ್ ತೆರೆಯೋಕೆ ಹೆದರಿಕೆ. ಮೊದಲ ತಿಂಗಳು ಫೇಸ್‌ಬುಕ್ಕಿಗೂ ಹಾಕಬೇಡ್ರಿ. ಲೈಕಿನ ಆಸೆಗೆ ಕೈ ಮತ್ತೆ ನವಿಲಿಗೇ ಹೋಗುತ್ತದೆ.

ಎರಡನೇ ವಾರ ಅದೇ ತಂಬಿಗೆಗೆ ನೆರಳು. ಕಣ್ಣು ಅರೆ ಮುಚ್ಚಿ ನೋಡಿದರೆ ಮೂರೇ ಬಣ್ಣ ಉಳಿಯುತ್ತದೆ: ಹಾಳೆಯ ಬಿಳಿ, ನಡುವಿನ ಬೂದು, 4ಬಿಯ ಕಪ್ಪು. ಮೂರರಲ್ಲೇ ಮುಗಿಸ್ರಿ. ಬೆರಳಿನಿಂದ ತಿಕ್ಕಬೇಡ್ರಿ, ಬೆರಳಿನ ಜಿಡ್ಡು ಹಾಳೆಗೆ ಹತ್ತಿ ಕಲೆಯಾಗುತ್ತದೆ. ನೆರಳಿನ ಪಾಠಕ್ಕೆ ಧಾರವಾಡ ಪೇಡೆಯೂ ಚಲೋ, ಸಕ್ಕರೆ ಪುಡಿಯ ಬಿಳಿ, ಒಳಗಿನ ಕಂದು, ಅಂಕುಡೊಂಕು ಮೈ. ಏಳು ದಿನ ಉಳಿಯೋದಿಲ್ಲ ಅನ್ನೋದೊಂದೇ ತೊಂದರೆ.

ಮೂರನೇ ವಾರ ಹೊರಗೆ ಬರ್ರಿ. ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿಗೆ ನಿಂತ ಜನರನ್ನು ತೆಗೆಯೋದಾದರೆ ಒಬ್ಬರಿಗೆ ಒಂದೇ ನಿಮಿಷ: ಹೆಗಲು ಯಾವ ಕಡೆ ಇಳಿದಿದೆ, ಭಾರ ಯಾವ ಕಾಲಿನ ಮೇಲಿದೆ. ಮುಖ ಬಿಡ್ರಿ, ಬಸ್ ಬಂದುಬಿಡುತ್ತದೆ. ಅದು ಕಷ್ಟ ಅನ್ನಿಸಿದರೆ ಮಲಗಿ ಮೆಲುಕು ಹಾಕುವ ಎಮ್ಮೆ ಹುಡುಕ್ರಿ. ದವಡೆ ಬಿಟ್ಟರೆ ಬೇರೇನೂ ಅಲುಗೋದಿಲ್ಲ. ಧಾರವಾಡಿ ಎಮ್ಮೆಯ ಹಿಂದಕ್ಕೆ ಬಾಗಿದ ಕುಡಗೋಲಿನಂಥ ಕೊಂಬು ಒಂದೇ ಉಸಿರಿನಲ್ಲಿ ಎಳೆಯಬೇಕಾದ ಗೆರೆ.

ಡಿ. ವಿ. ಹಾಲಭಾವಿಯವರು ಧಾರವಾಡದಲ್ಲಿ, ಟಿ. ಪಿ. ಅಕ್ಕಿಯವರು ಗದಗದಲ್ಲಿ ಚಿತ್ರಕಲೆಯ ಶಾಲೆ ಕಟ್ಟಿದ ಸೀಮೆ ಇದು. ಕ್ಲಾಸಿಗೆ ಹೋಗೋದು ಒಳ್ಳೇದೇ, ಆದರೆ ವಾರಕ್ಕೊಂದು ಕ್ಲಾಸ್ ಉಳಿದ ಆರು ದಿನದ ಕೆಲಸ ಮಾಡಿಕೊಡೋದಿಲ್ಲ.

ತಿಂಗಳ ಕೊನೆಗೆ ಒಂದು ಭಾನುವಾರ ಗದಗ ದಾಟಿ ಲಕ್ಕುಂಡಿಯ ಹಳೇ ಗುಡಿಗಳಿಗೆ ಹೋಗ್ರಿ. ಬೆಳಿಗ್ಗೆಯೇ ಹೋಗ್ರಿ, ಬಿಸಿಲು ನೆತ್ತಿಗೇರಿದರೆ ಕೆತ್ತನೆಯ ನೆರಳು ಸಾಯುತ್ತದೆ. ಕಲ್ಯಾಣ ಚಾಲುಕ್ಯರ ಕಾಲದ ಆ ಬಳಪದ ಕಲ್ಲಿನ ಕಂಬಗಳು ಚರಕಿಗೆ ಹಾಕಿ ತಿರುಗಿಸಿದಂತಿವೆ, ಬಳೆ ಮೇಲೆ ಬಳೆ. ಹೊಸಬರು ಸಣ್ಣ ಕೆತ್ತನೆಯಿಂದ ಶುರುಮಾಡಿ ಅರ್ಧ ಕಂಬಕ್ಕೇ ಹಾಳೆ ಮುಗಿಸುತ್ತಾರೆ. ಮೊದಲು ನಡುಗೆರೆ, ಮೇಲು ಕೆಳಗಿನ ಗಡಿ, ನಾಲ್ಕೈದು ದಪ್ಪ ಬಳೆ, ಕೊನೆಗೆ ಮಣಿ ಹೂವು. ನಿಮ್ಮ ಕಣ್ಣಿನ ಮಟ್ಟದ ಬಳೆ ನೇರ ಗೆರೆ. ಅದಕ್ಕಿಂತ ಮೇಲಿನವು ಗುಡ್ಡದ ಹಾಗೆ ಮೇಲಕ್ಕೆ ಬಾಗುತ್ತವೆ, ಕೆಳಗಿನವು ತೊಟ್ಟಿಲಿನ ಹಾಗೆ ಕೆಳಕ್ಕೆ. ತಂಬಿಗೆಯ ಬಾಯಿ, ತಳವೇ ಇಲ್ಲಿ ಇಪ್ಪತ್ತು ಸಲ ಬಂದಿರುತ್ತದೆ. ಕಂಬ ಅರ್ಧಕ್ಕೆ ನಿಂತರೆ ಹಾಗೇ ಬಿಟ್ಟು ಬರ್ರಿ. ಬರುವ ಬಸ್ಸಿನಲ್ಲಿ ನೆನಪಿನ ಮೇಲೆ ಮುಗಿಸೋಕೆ ಹೋದರೆ ಎಲ್ಲಾ ಬಳೆಯೂ ಒಂದೇ ಕಡೆ ಬಾಗಿರುತ್ತವೆ.