ಸಿಇಟಿ ಟೆಸ್ಟ್ ಎಕ್ಸಾಮು

ಮದುವೆ ಮನೆಯ ಪಂಕ್ತಿಯಲ್ಲಿ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದ ದೊಡ್ಡಪ್ಪ ಎದುರು ಸಾಲಿನ ಹುಡುಗಿಯನ್ನು ಕೇಳಿದರು: “ಸಿಇಟಿ ಟೆಸ್ಟ್ ಎಕ್ಸಾಮ್ ಹೇಗಾಯಿತಮ್ಮಾ?”

ಸಿಇಟಿಯ ಬಾಲದಲ್ಲಿರುವ ‘ಟಿ’ ಎಂದರೇ ಟೆಸ್ಟ್. ಪಾಪದ ಹುಡುಗಿ ಒಂದು ಸಲ ಬರೆದದ್ದನ್ನು ದೊಡ್ಡಪ್ಪ ಒಂದೇ ಉಸಿರಿನಲ್ಲಿ ಮೂರು ಸಲ ಬರೆಸಿದರು. ಅವರೊಬ್ಬರನ್ನೇ ದೂರಿ ಫಲವಿಲ್ಲ. ಪತ್ರಿಕೆಗಳು ‘ನೀಟ್ ಪ್ರವೇಶ ಪರೀಕ್ಷೆ’ ಎಂದು ಅಚ್ಚು ಹಾಕುತ್ತವೆ. ನೀಟ್‌ನ ಹೊಟ್ಟೆಯೊಳಗೆ ಅರ್ಹತೆ, ಪ್ರವೇಶ, ಪರೀಕ್ಷೆ ಮೂರೂ ಆಗಲೇ ಇಕ್ಕಟ್ಟಿನಲ್ಲಿ ಕೂತಿವೆ. ನಾಳೆ ಮಕ್ಕಳನ್ನು ತಿದ್ದಬೇಕಾದವರು ಇಂದು ‘ಟಿಇಟಿ ಟೆಸ್ಟ್’ಗೆ ಓದುತ್ತಿದ್ದಾರೆ. ‘ಪಿಯುಸಿ ಕೋರ್ಸ್’ ಮುಗಿಸಿದವರಂತೂ ಒಂದೇ ಶುಲ್ಕದಲ್ಲಿ ಎರಡು ಕೋರ್ಸ್ ಮುಗಿಸಿದ ಜಾಣರು. ಇದಕ್ಕಿಂತ ನಮ್ಮ ‘ಪರೀಕ್ಷೆಗಿರೀಕ್ಷೆ’ಯೇ ವಾಸಿ. ಗಿರೀಕ್ಷೆಗೆ ಹಾಲ್ ಟಿಕೆಟ್ ಬೇಕಿಲ್ಲ.

ಹುಡುಗಿ ಇಂಗ್ಲಿಷಿನಲ್ಲಿ ‘ಎಕ್ಸಾಮ್ ಗಿವ್ ಮಾಡಿದೆ’ ಎಂಬರ್ಥದ ಮಾತು ಹೇಳಿದಳು. ಪಕ್ಕದಲ್ಲಿದ್ದ ನಿವೃತ್ತ ಇಂಗ್ಲಿಷ್ ಮೇಷ್ಟ್ರಿಗೆ ಹೋಳಿಗೆ ಗಂಟಲಲ್ಲೇ ನಿಂತಿತು. “ಪರೀಕ್ಷೆ ಕೊಡುವವರು ಮೇಷ್ಟ್ರು. ನೀನು ಟೇಕ್ ಮಾಡಬೇಕು!” ಸರಿಯೇ. ಹಿಂದಿಯವರು ಪರೀಕ್ಷೆ ಕೊಡುತ್ತಾರೆ, ಇಂಗ್ಲಿಷರು ತೆಗೆದುಕೊಳ್ಳುತ್ತಾರೆ. ಈ ಕೊಡುಕೊಳ್ಳುವಿಕೆಯ ಗೊಡವೆ ಬೇಡವೆಂದು ಕನ್ನಡಿಗರು ಬರೆಯುತ್ತಾರೆ. ಆದರೆ ಸಿಇಟಿಯಲ್ಲಿ ಬರೆಯುವುದಾದರೂ ಏನನ್ನು? ಉತ್ತರವೆಂದು ಒಂದಕ್ಷರವೂ ಇಲ್ಲ, ಓಎಂಆರ್ ಹಾಳೆಯ ಪುಟ್ಟ ವೃತ್ತಗಳಿಗೆ ಪೆನ್ನಿನಿಂದ ಬಣ್ಣ ತುಂಬುವುದು. ನರ್ಸರಿಯಲ್ಲಿ ಕಲಿತ ವಿದ್ಯೆ ಕೊನೆಗೂ ಎಂಜಿನಿಯರಿಂಗ್ ಸೀಟಿಗೆ ಒದಗಿಬರುತ್ತದೆ.

ತಿದ್ದಿದ ಖುಷಿಯಲ್ಲಿ ಮೇಷ್ಟ್ರು ತಮ್ಮ ಪರಿಚಯವನ್ನೂ ಮಾಡಿಕೊಂಡರು: ಅವರು ‘ಬಿಎ ಪಾಸ್ಡ್ ಔಟ್’ ಅಂತೆ. ಲಂಡನ್ನಿನವರ ಕಿವಿಗೆ ಇದು ಮೂರ್ಛೆ ಹೋದ ಸುದ್ದಿ. ತರಬೇತಿ ಮುಗಿಸಿ ‘ಪಾಸ್ ಔಟ್’ ಆಗುವ ಸೇನೆಯ ಕೆಡೆಟ್‌ಗಳಿಗೆ ಮಾತ್ರ ವಿನಾಯಿತಿ. ನೀರು ಚಿಮುಕಿಸಬೇಕೋ ಅಭಿನಂದಿಸಬೇಕೋ ತಿಳಿಯದೆ ನಾನು ಮಜ್ಜಿಗೆ ಕುಡಿದೆ.

ಮರುದಿನ ಒಂದು ಕಚೇರಿಗೆ ಹೋಗಬೇಕಿತ್ತು. ‘ಎಸ್ಸೆಸ್ಸೆಲ್ಸಿ ಸರ್ಟಿಫಿಕೇಟಿನ ಜೆರಾಕ್ಸ್ ನಕಲು ಪ್ರತಿ’ ಲಗತ್ತಿಸಲು ಹೇಳಿದ್ದರು. ಭಾಷಾಶುದ್ಧಿಯ ಹುಮ್ಮಸ್ಸು ಇಳಿದಿರಲಿಲ್ಲ. ಕಿಟಕಿಯೊಳಗೆ ಹಾಳೆ ಚಾಚಿ, “ತೆಗೆದುಕೊಳ್ಳಿ, ಎಸ್ಸೆಸ್ಸೆಲ್ಸಿ” ಎಂದೆ.

ಗುಮಾಸ್ತರು ಕನ್ನಡಕ ಏರಿಸಿದರು. “ಎಸ್ಸೆಸ್ಸೆಲ್ಸಿ ಸರಿ ಸ್ವಾಮಿ, ಸರ್ಟಿಫಿಕೇಟ್ ಎಲ್ಲಿ?”

ಅದೇ ಹಾಳೆಯನ್ನು ಹಿಂದಕ್ಕೆ ಪಡೆದು ಇನ್ನೊಮ್ಮೆ ಕೊಟ್ಟೆ. ಮೊಹರು ಬಿತ್ತು.