13ಕ್ಕೆ ಕಾರಣ ಕೊಡಿ!

ಬೆಳಿಗ್ಗೆ 9ರ ಮೀಟಿಂಗ್‌ನಿಂದ ಎದ್ದು ಬಂದವನಿಗೆ ರಾತ್ರಿಯಾದರೂ ಸಿಟ್ಟು ಇಳಿದಿಲ್ಲ. ಎರಡು ಕಟಿಂಗ್ ಚಹಾ ಆಯಿತು, ಪುಣೆ ಹತ್ತಿರದ ಚಾಕಣದ ಕಾರ್ಖಾನೆಯಿಂದ ನಿಗಡಿವರೆಗಿನ ಟ್ರಾಫಿಕ್ ಆಯಿತು, ಹೆಂಡತಿ ಎದುರು ಒಂದು ಸುತ್ತು ಕೂಗಾಟವೂ ಆಯಿತು. "ಇದನ್ನೆಲ್ಲ ನನಗ್ಯಾಕೆ ಹೇಳ್ತೀರಿ, ಫೇಸ್‌ಬುಕ್‌ನಲ್ಲಿ ಬರೀರಿ, ಅಲ್ಲಿ ಲೈಕ್ ಆದ್ರೂ ಬರುತ್ತೆ" ಅಂದಳು. ಬರೆಯುತ್ತಿದ್ದೇನೆ.

ಕಾರ್ಖಾನೆಯಲ್ಲಿ ಮಾಲಿನ ಗುಣಮಟ್ಟ ನೋಡೋದು ನನ್ನ ಕೆಲಸ ಅಂತ ನಿಮಗೆಲ್ಲ ಗೊತ್ತು. (ಊರಿನ ಸಂಬಂಧಿಕರಿಗೆ ಮಾತ್ರ 26 ವರ್ಷವಾದರೂ ನಾನು "ಪುಣೆದಾಗ ಏನೋ ಚೆಕಿಂಗ್ ಮಾಡ್ತಾನಂತ".) ಇವತ್ತಿನ ಮೀಟಿಂಗ್‌ನಲ್ಲಿ ದೊಡ್ಡ ಸಾಹೇಬರು ಪರದೆಯ ಮೇಲೆ ಎರಡು ಅಂಕಿ ತೋರಿಸಿದರು. ಒಂದು ಲೈನಿನಲ್ಲಿ ಮೊನ್ನೆ ರಿಜೆಕ್ಟ್ ಆದ ಶಾಫ್ಟ್ (ಯಂತ್ರಗಳಲ್ಲಿ ತಿರುಗುವ ದಂಡ) 6. ನಿನ್ನೆ 13. ಆ 13ಕ್ಕೆ ಕೆಂಪು ಬಣ್ಣ ಬಳಿದು, ದಪ್ಪ ಅಕ್ಷರ ಮಾಡಿ, ಸುತ್ತ ಒಂದು ವೃತ್ತ ಬೇರೆ. "ಡಬಲ್‌ಗಿಂತ ಜಾಸ್ತಿ! ಯಾರು ಜವಾಬ್ದಾರಿ?"

ಜವಾಬ್ದಾರಿ ಯಾರು ಅಂತ ಮೊದಲೇ ಗೊತ್ತಿತ್ತು ಬಿಡಿ. ಆಪರೇಟರನ್ನು ಕರೆಸಿ ಬಾಗಿಲ ಹತ್ತಿರ ನಿಲ್ಲಿಸಿಯಾಗಿತ್ತು. ನಮ್ಮ ಇಂಡಿ ಕಡೆಯ ಹುಡುಗ. ಎಲ್ಲರೆದುರು ಹತ್ತು ನಿಮಿಷ ಹಿಂದಿಯಲ್ಲಿ ಬೈಸಿಕೊಂಡ. ಹೊರಗೆ ಬಂದ ಮೇಲೆ ನನ್ನ ಹತ್ತಿರ ಮೆಲ್ಲಗೆ ಹೇಳಿದ, "ನಾ ಏನ್ ಮಾಡೀನ್ರಿ ಸರ? ಮೊನ್ನಿ ಹ್ಯಾಂಗ ಮಾಡಿದ್ನೋ ನಿನ್ನೀನೂ ಹಂಗ ಮಾಡೀನ್ರಿ."

ಇಡೀ ಮೀಟಿಂಗ್‌ನಲ್ಲಿ ಯಾರೂ ಆಡದ ಬುದ್ಧಿವಂತಿಕೆಯ ಮಾತು ಇದು.

ಲೆಕ್ಕ ನೋಡಿ. ಆ ಲೈನಿನಲ್ಲಿ ದಿನಕ್ಕೆ 1200 ಶಾಫ್ಟ್ ಆಗುತ್ತವೆ. ಮೂರು ತಿಂಗಳ ಸರಾಸರಿ ತೆಗೆದರೆ ದಿನಕ್ಕೆ 9 ರಿಜೆಕ್ಟ್. ಇಂಥ ಎಣಿಕೆಯಲ್ಲಿ ಸಹಜ ಏರಿಳಿತದ ಅಳತೆ ಅಂದರೆ ಸರಾಸರಿಯ ವರ್ಗಮೂಲ. 9ರ ವರ್ಗಮೂಲ 3. ಅದರ ಮೂರು ಪಟ್ಟು 9. ಸರಾಸರಿಯಿಂದ ಇಷ್ಟು ಕೆಳಗೆ, ಇಷ್ಟು ಮೇಲೆ. ಅಂದರೆ ಮಶೀನು ಅದೇ, ಮನುಷ್ಯ ಅದೇ, ಕಬ್ಬಿಣ ಅದೇ ಇದ್ದು ಏನೂ ಬದಲಾಗದೆ ಹೋದರೂ ದಿನದ ಅಂಕಿ 0ಯಿಂದ 18ರವರೆಗೆ ಎಲ್ಲಿ ಬೇಕಾದರೂ ಬೀಳಬಹುದು. 6 ಕೂಡ ಅದೇ ಮನೆಯ ಮಗು, 13 ಕೂಡ ಅದೇ ಮನೆಯ ಮಗು. ಹೈಸ್ಕೂಲಿನ ವರ್ಗಮೂಲ ನೆನಪಿದ್ದರೆ ಸಾಕು, ಇದಕ್ಕೆ ಎಂಬಿಎ ಬೇಕಿಲ್ಲ. ಎಂಬಿಎ ಇದ್ದರೆ ತೊಂದರೆ ಜಾಸ್ತಿಯೇ ಅನಿಸುತ್ತೆ ಒಮ್ಮೊಮ್ಮೆ.

ಇದು ನನ್ನ ಸ್ವಂತ ಸಂಶೋಧನೆಯೇನಲ್ಲ. ಟೆಲಿಫೋನ್ ತಯಾರಿಸುತ್ತಿದ್ದ ಅಮೆರಿಕದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯಲ್ಲಿ ವಾಲ್ಟರ್ ಶೂಹಾರ್ಟ್ ಅನ್ನುವವರು 1924ರ ಮೇ 16ರಂದು ಮೇಲಿನವರಿಗೆ ಒಂದೇ ಪುಟದ ಟಿಪ್ಪಣಿ ಬರೆದರು. ಅದರಲ್ಲೊಂದು ಚಿಕ್ಕ ಚಿತ್ರ. ಇವತ್ತು ನಾವು ಕಂಟ್ರೋಲ್ ಚಾರ್ಟ್ ಅನ್ನೋದು ಅದನ್ನೇ. ದಿನಕ್ಕೊಂದು ಚುಕ್ಕಿ, ಸರಾಸರಿಯ ಮೇಲೊಂದು ಗೆರೆ, ಕೆಳಗೊಂದು ಗೆರೆ. ಗೆರೆಗಳ ಒಳಗಿನ ಏರಿಳಿತ ಆ ಪ್ರಕ್ರಿಯೆಯ ಹುಟ್ಟುಗುಣ. ಗೆರೆ ದಾಟಿದರೆ ಹೊರಗಿನಿಂದ ಏನೋ ಬಂದು ಸೇರಿದೆ, ಹೋಗಿ ಹುಡುಕು. ನಮ್ಮ ಸಂಖ್ಯಾಶಾಸ್ತ್ರಜ್ಞ ಪ್ರಶಾಂತಚಂದ್ರ ಮಹಲನೋಬಿಸ್ ಆ ಶೂಹಾರ್ಟರನ್ನು 1947ರಲ್ಲೇ ನಮ್ಮ ದೇಶಕ್ಕೆ ಕರೆಸಿದ್ದರು. ನೂರು ವರ್ಷ ಕಳೆದರೂ ಚಾಕಣದ ನಮ್ಮ ಮೀಟಿಂಗ್ ರೂಮಿನ ಬಾಗಿಲು ಮಾತ್ರ ಅವರಿಗೆ ತೆರೆದಿಲ್ಲ.

ಕಲಿಸೋ ಪ್ರಯತ್ನ ಮಾಡಿಲ್ಲ ಅಂದುಕೊಳ್ಳಬೇಡಿ. ಶೂಹಾರ್ಟರ ದಾರಿಯಲ್ಲೇ ನಡೆದ ಡೆಮಿಂಗ್ ಅನ್ನುವವರು, 1950ರಲ್ಲಿ ಜಪಾನಿಗೆ ಹೋಗಿ ಅಲ್ಲಿನ ಕಾರ್ಖಾನೆಯವರಿಗೆ ಪಾಠ ಹೇಳಿದವರು, ಮುಂದೆ ತಮ್ಮ ತರಗತಿಗಳಲ್ಲಿ ಒಂದು ಮಣಿ ಆಟ ಆಡಿಸುತ್ತಿದ್ದರು. ಹೋದ ವರ್ಷ ನಾನೂ ಆಡಿಸಿದೆ. ಪುಣೆಯ ರವಿವಾರ ಪೇಠೆಗೆ ಹೋಗಿ ಮಣಿ ತಂದೆ. 3200 ಬಿಳಿ, 800 ಕೆಂಪು. ಎಣಿಸಿದ್ದು ನಾನು ಮತ್ತು ಮಗಳು, ಒಂದು ಗುರುವಾರದ ರಜೆ ಪೂರ್ತಿ. 50 ಕುಳಿಗಳಿರುವ ಹಲಗೆಯನ್ನು ನಮ್ಮ ಟೂಲ್‌ರೂಮ್‌ನವನೇ ಮಾಡಿಕೊಟ್ಟ. ಡಬ್ಬದಲ್ಲಿ ಹಲಗೆ ಮುಳುಗಿಸಿ ಎತ್ತಬೇಕು. ಬಿಳಿ ಬಂದರೆ ಒಳ್ಳೆ ಮಾಲು, ಕೆಂಪು ಬಂದರೆ ರಿಜೆಕ್ಟ್. ಸಾಧಾರಣ 10 ಕೆಂಪು ಬರಬೇಕು.

ಆರು ಜನ ಆಡಿದರು. ಎಚ್‌ಆರ್ ಮೇಡಂಗೆ 5 ಬಂತು. ಸ್ಟೋರ್ಸ್‌ನವರಿಗೆ 15. ನಾನು ಗಂಭೀರವಾಗಿ ಮೇಡಂಗೆ ಒಂದು ಬಾಕರ್‌ವಡಿ ಪೊಟ್ಟಣ ಕೊಟ್ಟು, ಸ್ಟೋರ್ಸ್‌ನವರಿಗೆ ಎಚ್ಚರಿಕೆ ಪತ್ರ ಓದಿ ಹೇಳಿದೆ. ಅವರು ಎರಡನೇ ಸಲ ತುಂಬಾ ನಿಧಾನವಾಗಿ, ಕೈ ನಡುಗಿಸದೆ, ದೇವರಿಗೆ ಆರತಿ ಎತ್ತಿದ ಹಾಗೆ ಹಲಗೆ ಎತ್ತಿದರು. 8! ಮೇಡಂಗೆ 11. "ಪೊಟ್ಟಣ ವಾಪಸ್ ಕೊಡಿ" ಅಂತ ಎಲ್ಲರೂ ಕೂಗಿದರು. ದೊಡ್ಡ ಸಾಹೇಬರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ವಾ, ಏನು ಪಾಠ!" ಅಂದರು.

ಮರುದಿನ ಬೆಳಿಗ್ಗೆ 9 ಗಂಟೆಗೆ ಅದೇ ಸಾಹೇಬರು, ಅದೇ ಕುರ್ಚಿ. "ಮೊನ್ನೆ 7 ಇದ್ದದ್ದು ನಿನ್ನೆ 11 ಯಾಕಾಯ್ತು?"

ಆ ಮಣಿಗಳು ಈಗ ಮಗಳ ಕಪಾಟಿನಲ್ಲಿವೆ. ಅರ್ಧ ಸರ ಆಗಿ ಹೋಗಿವೆ.

ಇದರ ಹಿಂದೆ ಇನ್ನೂ ಒಂದು ಮೋಸ ಇದೆ. ಬೈಗುಳ ಕೆಲಸ ಮಾಡುತ್ತೆ ಅಂತ ಸಾಹೇಬರಿಗೆ ನಿಜಕ್ಕೂ ಅನಿಸುತ್ತೆ. ಯಾಕೆ ಅನಿಸಬಾರದು? 13 ಬಂದ ದಿನ ಬೈತಾರೆ. ಮರುದಿನದ ಅಂಕಿ ಸರಾಸರಿಯ ಹತ್ತಿರ, ಅಂದರೆ 13ಕ್ಕಿಂತ ಕೆಳಗೆ ಬೀಳೋ ಸಾಧ್ಯತೆಯೇ ಜಾಸ್ತಿ. "ನೋಡಿದ್ರಾ, ದಾರಿಗೆ ಬಂದ!" 4 ಬಂದ ದಿನ ಹೊಗಳುತ್ತಾರೆ. ಮರುದಿನ ಏರೋ ಸಾಧ್ಯತೆಯೇ ಜಾಸ್ತಿ. "ನೋಡಿದ್ರಾ, ಹೊಗಳಿದರೆ ತಲೆ ಮೇಲೆ ಕೂರ್ತಾರೆ!" ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನಮನ್ ಇಸ್ರೇಲಿನ ವಿಮಾನ ತರಬೇತುದಾರರಲ್ಲಿ ಇದೇ ನಂಬಿಕೆ ಕಂಡಿದ್ದರಂತೆ. ಅವರಿಗೆ 2002ರಲ್ಲಿ ನೊಬೆಲ್ ಬಂತು. ನಮ್ಮ ಸಾಹೇಬರಿಗೆ ಪ್ರಮೋಷನ್ ಬಂತು.

ಬೈದದ್ದರ ಫಲ ಮಧ್ಯಾಹ್ನ ಲೈನಿಗೆ ಹೋದಾಗ ಕಂಡೆ. ಹುಡುಗ ಒಂದೊಂದು ಶಾಫ್ಟ್ ತೆಗೆದು ಮೈಕ್ರೋಮೀಟರ್ ಹಿಡಿಯುತ್ತಿದ್ದಾನೆ. ಬೇಕಾದದ್ದು 25 ಮಿಲಿಮೀಟರ್, 20 ಮೈಕ್ರಾನ್, ಅಂದರೆ 0.02 ಮಿಲಿಮೀಟರ್, ಆಚೀಚೆ ನಡೆಯುತ್ತೆ. 25.006 ಬಂತು. ತಕ್ಷಣ ಮಶೀನಿನ ಆಫ್‌ಸೆಟ್‌ನಲ್ಲಿ (ಅಳತೆ ತಿದ್ದುವ ಸೆಟ್ಟಿಂಗ್) 6 ಮೈಕ್ರಾನ್ ಇಳಿಸಿದ. ಮುಂದಿನದು 24.991. 9 ಏರಿಸಿದ. ಮುಂದಿನದು 25.011. ಹಣೆ ಒರೆಸಿಕೊಂಡ, ಮತ್ತೆ ಇಳಿಸಿದ. ಸುಮ್ನೆ ಬಿಟ್ಟಿದ್ದರೆ ಮಶೀನು ತನ್ನ ಪಾಡಿಗೆ 25ರ ಸುತ್ತ ಆಡಿಕೊಂಡಿರುತ್ತಿತ್ತು. ಪ್ರತಿ ತುಂಡಿಗೂ ಹೀಗೆ ತಿದ್ದುತ್ತಾ ಹೋದರೆ ಆ ಆಟ ಸುಮಾರು ಶೇಕಡಾ 40ರಷ್ಟು ಅಗಲವಾಗುತ್ತೆ. ಹುಡುಗ ಸೋಮಾರಿ ಅಂತ ಬೈಸಿಕೊಂಡಿದ್ದ. ಈಗ ಹೆದರಿಕೆಗೆ ಮೈಮುರಿದು ದುಡಿದು ಮಾಲು ಕೆಡಿಸುತ್ತಿದ್ದ. "ಕೈ ತಗಿ ತಮ್ಮಾ, ಅದರ ಪಾಡಿಗೆ ಅದನ್ನ ಬಿಡು" ಅಂದೆ. ನಂಬಲಿಲ್ಲ. ಆಮೇಲೆ ಬಿಟ್ಟ.

ಹಾಗಾದರೆ ಯಾರನ್ನೂ ಏನೂ ಕೇಳಬಾರದಾ, ಎಲ್ಲ ಹಣೆಬರಹವಾ ಅಂತ ನಿಮ್ಮಲ್ಲಿ ಕೆಲವರು ಕೇಳೇ ಕೇಳ್ತೀರಿ. ಪ್ರೊಡಕ್ಷನ್‌ನ ನನ್ನ ಗೆಳೆಯನಂತೂ ಊಟದ ಹೊತ್ತಲ್ಲೇ ಕೇಳಿದ, "ಕಸ್ಟಮರ್ ಹತ್ತಿರ ಹೋಗಿ ವರ್ಗಮೂಲ ಹೇಳ್ತೀಯಾ?" ಇಲ್ಲಪ್ಪ. ದಿನಕ್ಕೆ 9 ಹಾಳಾಗುತ್ತಲ್ಲ, ಅದೇ ದೊಡ್ಡ ತಪ್ಪು. ಆದರೆ ಆ 9 ಯಾರದು? ಲೇತು 14 ವರ್ಷ ಹಳೆಯದು. ಲೋಹ ಕತ್ತರಿಸುವ ಇನ್ಸರ್ಟ್ ಯಾವುದು ಅಗ್ಗವೋ ಅದನ್ನೇ ಪರ್ಚೇಸ್‌ನವರು ತರುತ್ತಾರೆ. ಕತ್ತರಿಸುವಾಗ ತಂಪಿಡುವ ಕೂಲಂಟ್ ದ್ರವ ಬದಲಿಸೋಕೆ ಮೂರು ಸಹಿ ಬೇಕು. ಇದರಲ್ಲಿ ಇಂಡಿಯ ಹುಡುಗನ ಕೈಯಲ್ಲಿ ಏನಿದೆ, ಹೇಳಿ? ತೊಂದರೆಗಳಲ್ಲಿ ನೂರಕ್ಕೆ 94 ಭಾಗ ವ್ಯವಸ್ಥೆಯದ್ದು, ಅದು ಆಡಳಿತದವರ ಹೊಣೆ ಅಂತ ಡೆಮಿಂಗ್ ಅಂದಾಜು ಹೇಳಿದ್ದರು. 9ನ್ನು 4ಕ್ಕೆ ಇಳಿಸಬೇಕಾದರೆ ದುಡ್ಡು ಬಿಚ್ಚಬೇಕು. 13ಕ್ಕೆ ಬೈಯೋದು ಪುಕ್ಕಟೆ.

ಇನ್ನೂ ಉರಿಯೋ ವಿಷಯ ಅಂದ್ರೆ, ನಿಜವಾಗಿ ಕೇಳಬೇಕಾದಾಗ ಇವರು ಕೇಳೋದಿಲ್ಲ. ಜುಲೈನಲ್ಲಿ ಇನ್ನೊಂದು ಲೈನಿನಲ್ಲಿ ಅಂಕಿ ಹೀಗಿದ್ದವು: 11, 10, 12, 10, 11, 13, 10, 12. ಅಲ್ಲೂ ಸರಾಸರಿ 9. ಒಂದೂ 18 ದಾಟಿಲ್ಲ, ಒಂದೂ ಕಣ್ಣಿಗೆ ಹೊಡೆಯೋದಿಲ್ಲ, ಹಾಗಾಗಿ ಯಾರಿಗೂ ಕೆಂಪು ಬಣ್ಣ ನೆನಪಾಗಲಿಲ್ಲ. ಆದರೆ ಎಂಟು ದಿನ ಸತತವಾಗಿ ಸರಾಸರಿಯ ಮೇಲೆ! ಗೆರೆ ದಾಟದಿದ್ದರೂ ಇದೂ ಹೋಗಿ ಹುಡುಕಬೇಕಾದ ಗುರುತೇ. ನಾಣ್ಯ ಚಿಮ್ಮಿ ಎಂಟಕ್ಕೆ ಎಂಟೂ ಸಲ ಹೆಡ್ ಬೀಳೋ ಸಾಧ್ಯತೆ 256ರಲ್ಲಿ 1. ನಾನು ಮಶೀನು ನಿಲ್ಲಿಸಿ ಅಂದೆ. "ನಂಬರ್ ಚೆನ್ನಾಗೇ ಇದೆಯಲ್ಲ" ಅಂದರು. ಜಗಳ ಮಾಡಿ ಬಿಚ್ಚಿಸಿದಾಗ ಶಾಫ್ಟ್ ಹಿಡಿಯುವ ಕಾಲೆಟ್ ಒಂದು ಕಡೆ ಸವೆದು ಹೋಗಿತ್ತು. ಬೆರಳಾಡಿಸಿದರೆ ಗೊತ್ತಾಗುತ್ತಿತ್ತು. ಅವತ್ತು ನನಗಾದ ಖುಷಿ ಮಗಳ ಎಸ್ಸೆಸ್ಸೆಲ್ಸಿ ರಿಸಲ್ಟಿಗೂ ಆಗಿರಲಿಲ್ಲ. ಅವಳು ಇದನ್ನ ಓದದಿರಲಿ.

ಈಗ ನನ್ನ ಟೇಬಲ್ ಮೇಲೆ, ಅಂದರೆ ಕಂಪ್ಯೂಟರಿನಲ್ಲಿ, ನಿನ್ನೆಯ 13ರ ಫಾರಂ ಕಾಯುತ್ತಿದೆ. ಮೂಲ ಕಾರಣದ ಖಾನೆಯಲ್ಲಿ ಆರಿಸಿಕೊಳ್ಳೋಕೆ ಐದು ಆಯ್ಕೆ: ಮನುಷ್ಯ, ಮಶೀನು, ಮಾಲು, ವಿಧಾನ, ಅಳತೆ. "ಕಾರಣವೇನೂ ಇಲ್ಲ" ಅನ್ನೋ ಆಯ್ಕೆ ಇಲ್ಲ. ಖಾಲಿ ಬಿಟ್ಟರೆ ಸಬ್ಮಿಟ್ ಆಗೋದಿಲ್ಲ. ಹಾಗಾಗಿ ಎಲ್ಲರೂ ಬರೆಯೋದು ಒಂದೇ, "ಆಪರೇಟರ್ ನಿರ್ಲಕ್ಷ್ಯ. ತರಬೇತಿ ನೀಡಲಾಯಿತು." ಆ ತರಬೇತಿಯ ಹಾಜರಿ ಹಾಳೆ ಊಟಕ್ಕೆ ಮುಂಚೆಯೇ ತಯಾರಾಗಿರುತ್ತೆ.

ನಾನೂ ಬರೆದಿದ್ದೇನೆ. ಬಚ್ಚಿಡೋದು ಯಾಕೆ. 2004ರಲ್ಲಿ ಭೋಸರಿಯ ಒಂದು ಚಿಕ್ಕ ವರ್ಕ್‌ಶಾಪಿನಲ್ಲಿದ್ದೆ. ಸಾಂಗ್ಲಿ ಕಡೆಯ ಕಾಕಾ ಒಬ್ಬರಿದ್ದರು, ನಿವೃತ್ತಿಗೆ ಎರಡು ವರ್ಷ ಬಾಕಿ. ಒಂದು ವಾರ ಅವರ ಮಶೀನಿನ ಅಂಕಿ ಏರಿತು ಅಂತ ನಾನೇ ಮೆಮೊ ಬರೆದೆ. ಅವರಿಗೆ ಎರಡು ತಿಂಗಳ ಇನ್ಸೆಂಟಿವ್ ಹೋಯಿತು. ಕಂಟ್ರೋಲ್ ಚಾರ್ಟ್ ಸರಿಯಾಗಿ ಕಲಿತದ್ದು ಅದಾದ ಮೂರು ವರ್ಷಕ್ಕೆ. ಕಲಿತ ಹುರುಪಿನಲ್ಲಿ ಹಳೇ ರಿಜಿಸ್ಟರ್ ತೆಗೆದು ಚುಕ್ಕಿ ಇಟ್ಟೆ. ಎಲ್ಲ ಚುಕ್ಕಿಯೂ ಗೆರೆಗಳ ಒಳಗೇ ಇದ್ದವು. ಅಷ್ಟರಲ್ಲಿ ಕಾಕಾ ನಿವೃತ್ತರಾಗಿದ್ದರು. ಒಮ್ಮೆ ಆಕುರ್ಡಿಯ ತರಕಾರಿ ಸಂತೆಯಲ್ಲಿ ಸಿಕ್ಕು, "ಕಾಯ್ ಸಾಹೇಬ, ಬರಂ ಆಹೆ ನಾ?" (ಏನ್ ಸಾಹೇಬ್ರೇ, ಚೆನ್ನಾಗಿದ್ದೀರಾ?) ಅಂದರು. ಹೇಳಿಬಿಡಬೇಕು ಅಂತ ಬಾಯಿ ತೆರೆದೆ. ಮೆಂತ್ಯ ಸೊಪ್ಪಿನ ರೇಟ್ ಕೇಳಿದೆ.

ಇದನ್ನ ಬರೆಯುತ್ತಿರುವಾಗಲೇ ಹುಡುಗನ ಮೆಸೇಜ್ ಬಂತು. "ಸರ, ಇವತ್ತ 7 ರೀ." ಜೊತೆಗೆ ನಗುವ ಮುಖ. ಎರಡು ನಿಮಿಷಕ್ಕೆ ಕಾರ್ಖಾನೆಯ ಗ್ರೂಪಿನಲ್ಲಿ ದೊಡ್ಡ ಸಾಹೇಬರು: "13ರಿಂದ 7. ಕೇಳುವವರಿದ್ದರೆ ಕೆಲಸ ಆಗುತ್ತೆ." ಕೆಳಗೆ ಹನ್ನೊಂದು ಹೆಬ್ಬೆಟ್ಟು.

ನಾನು ಅದಕ್ಕೆ ಹೆಬ್ಬೆಟ್ಟು ಒತ್ತಲಿಲ್ಲ. ಆದರೆ ಹುಡುಗನಿಗೆ ಉತ್ತರ ಕಳಿಸಿಯಾದ ಮೇಲೆ ನೋಡಿಕೊಂಡೆ, ಏನು ಬರೆದಿದ್ದೀನಿ ಅಂತ. "ಶಭಾಷ್ ತಮ್ಮಾ!"