ಬೊಗಳಿಕೆಯ ದಫ್ತರ

ಪಕ್ಕದ ಮನೆಯಲ್ಲಿ ಎರಡು ನಾಯಿಗಳಿವೆ. ಅವು ಬೊಗಳುತ್ತವೆ ಎಂಬುದು ಒಬ್ಬರನ್ನು ಬಿಟ್ಟು ಬೀದಿಗೆಲ್ಲ ಗೊತ್ತು. ಆ ಒಬ್ಬರು ನಾಯಿಗಳ ಯಜಮಾನರು. "ನಮ್ಮವು ಬೊಗಳುವುದೇ ಇಲ್ಲವಲ್ಲ!" ಎಂದು ಅವರು ಬೆರಗಾಗುವಾಗ ಆ ಮುಖದಲ್ಲಿ ಎಳ್ಳಷ್ಟೂ ಕಪಟವಿರುವುದಿಲ್ಲ. ಬೆಳಿಗ್ಗೆ ಅವರ ಕಾರು ತಿರುವು ದಾಟಿದ ಮೇಲೆ ಶುರುವಾಗುವ ಕಛೇರಿ, ಸಂಜೆ ಅದೇ ಕಾರಿನ ಸದ್ದು ಕೇಳಿದೊಡನೆ ಮಂಗಳ ಹಾಡಿಬಿಡುತ್ತದೆ. ರಾತ್ರಿ ಅವರು ಮುಂದಿನ ಕೋಣೆಯಲ್ಲಿ ಕಿಟಕಿ ಮುಚ್ಚಿ ಮಲಗುತ್ತಾರೆ. ನಾಯಿಗಳು ಹಿತ್ತಲಿನಲ್ಲಿ, ಅಂದರೆ ನನ್ನ ದಿಂಬಿನಿಂದ 12 ಅಡಿ ದೂರದಲ್ಲಿ.

ನಾಯಿ ಬೊಗಳಿದರೆ ದೇವಲೋಕ ಹಾಳೇ ಎಂದು ಗಾದೆ ಕಟ್ಟಿದವರು ದೇವಲೋಕಕ್ಕಷ್ಟೇ ಜಾಮೀನು ನಿಂತಿದ್ದಾರೆ, ಪಕ್ಕದ ಮನೆಗಲ್ಲ. ಬೊಗಳುವ ನಾಯಿ ಕಚ್ಚುವುದಿಲ್ಲವಂತೆ. ಒಮ್ಮೆ ಕಚ್ಚಿ ಸುಮ್ಮನಾಗುವುದಾದರೆ ಕಾಲು ಚಾಚಲು ನಾನು ಸಿದ್ಧ.

ದೂರು ಕೊಡಲು ಹೋದೆ. "ನಾಯಿ ಎಂದ ಮೇಲೆ ಬೊಗಳದೆ ಹಾಡುತ್ತದೆಯೇ?" ಎಂದರು ಗುಮಾಸ್ತರು. ನಿದ್ದೆಯಿಲ್ಲದವನಿಗೆ ಓದಲು ಬೇಕಾದಷ್ಟು ಸಮಯವಿರುತ್ತದೆ. ಆಫ್ರಿಕಾದ ಬಸೆಂಜಿ ಎಂಬ ತಳಿ ಬೊಗಳುವುದು ಅಪರೂಪ, ರಾಗ ಎಳೆದಂತೆ ಒಂದು ದನಿ ಹೊರಡಿಸುತ್ತದೆ ಎಂದು ವಿವರಿಸಿದೆ. ಅವರು ಕನ್ನಡಕದ ಮೇಲಿಂದ ನೋಡಿ, "ಹಾಗಾದರೆ ನೀವು ಅದನ್ನೇ ಸಾಕಿಕೊಳ್ಳಿ" ಎಂದರು.

"ಸದ್ದು ಎಷ್ಟು ಡೆಸಿಬೆಲ್?" ಎಂಬುದು ಮುಂದಿನ ಪ್ರಶ್ನೆ. ಮಲಗುವ ಕೋಣೆಯೊಳಗೆ ಒಂದೇ ಸಮನೆ ಕೇಳುವ ಸದ್ದು 30 ಡೆಸಿಬೆಲ್ ಮೀರಬಾರದು, ಆಗೊಮ್ಮೆ ಈಗೊಮ್ಮೆ ಎದ್ದು ಕೇಳುವ ಸದ್ದು 45 ದಾಟಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲೇ ಹೇಳಿದೆ. ಅದನ್ನು ನಾಯಿಗಳಿಗೆ ಓದಿ ಹೇಳಿದವರಿಲ್ಲ. ಆಸ್ಟ್ರೇಲಿಯಾದ ಚಾರ್ಲಿ ಎಂಬ ಗೋಲ್ಡನ್ ರಿಟ್ರೀವರ್ 2012ರಲ್ಲಿ 113.1 ಡೆಸಿಬೆಲ್ ಬೊಗಳಿ ಗಿನ್ನೆಸ್ ದಾಖಲೆ ಸೇರಿತು. ಹತ್ತು ಡೆಸಿಬೆಲ್ ಏರಿದರೆ ಸದ್ದಿನ ಶಕ್ತಿ ಹತ್ತು ಪಟ್ಟಾಗುತ್ತದೆ. ಲೆಕ್ಕ ಬಲ್ಲವರು ಚಾರ್ಲಿಯ ನೆರೆಯವರನ್ನು ನೆನೆದು ಒಂದು ನಿಮಿಷ ಮೌನ ಆಚರಿಸಬಹುದು.

ಕಡೆಗೆ ಒಂದು ನಮೂನೆ ಕೈಗೆ ಬಂತು. ದಿನಾಂಕ, ಆರಂಭ, ಮುಕ್ತಾಯ, ಕಾರಣ. ಹದಿನಾಲ್ಕು ದಿನ ತುಂಬಿ ತರಬೇಕು. ಬೊಗಳುವುದು ನಾಯಿಯ ಕೆಲಸ, ದಫ್ತರ ಇಡುವುದು ನನ್ನದು. ಬರೆದೆ. ರಾತ್ರಿ 2.10: ಎಲೆ ಬಿತ್ತು. 2.25: ಎಲೆ ಬೀಳಲಿಲ್ಲ. 3.05: ಮೊದಲನೆಯದು ಬೊಗಳಿತೆಂದು ಎರಡನೆಯದು. 3.06: ಎರಡನೆಯದು ಬೊಗಳಿತೆಂದು ಮೊದಲನೆಯದು. 3.20: ನಾನು "ಸುಮ್ಮನಿರಿ!" ಎಂದು ಕೂಗಿದೆ; ಮೂರನೆಯವನೂ ಸೇರಿಕೊಂಡನೆಂದು ಇಬ್ಬರಿಗೂ ಹುರುಪು ಬಂತು. ಹನ್ನೊಂದನೆಯ ರಾತ್ರಿ ಎರಡೂ ಗಾಢವಾಗಿ ನಿದ್ದೆ ಹೋದವು. ನಾನು ಪೆನ್ನು ಹಿಡಿದು ಬೆಳಗಿನವರೆಗೆ ಕಾದೆ.

ಹಗಲಿನ ಪುಟಗಳಲ್ಲಿ ಅಂಚೆಯವರದೇ ಮುಖ್ಯ ಪಾತ್ರ. ಅವರು ಗೇಟಿಗೆ ಬರುತ್ತಾರೆ, ಇವು ಬೊಗಳುತ್ತವೆ, ಅವರು ಹೊರಟುಹೋಗುತ್ತಾರೆ. ನಾಯಿಯ ಲೆಕ್ಕದಲ್ಲಿ ಅದು ಶತ್ರುವಿನ ಪಲಾಯನ. ದಿನಕ್ಕೊಂದು ಯುದ್ಧ ಗೆಲ್ಲುವ ಸೇನಾಪತಿಗೆ ಕತ್ತಿ ಕೆಳಗಿಡು ಎಂದರೆ ಇಡುತ್ತಾನೆಯೇ?

ಆದರೆ ದಫ್ತರ ತಿರುವಿದಾಗ ಇನ್ನೊಂದು ಕಂಡಿತು. ಅತಿ ದೀರ್ಘ ಬೊಗಳಿಕೆಗಳೆಲ್ಲ ಯಜಮಾನರು ಹೊರಟ ಅರ್ಧ ಗಂಟೆಯೊಳಗೆ ಶುರುವಾದವು. ಸುತ್ತಾಟವಿಲ್ಲ, ಆಟವಿಲ್ಲ, ಜೊತೆಗೆ ಮನುಷ್ಯರಿಲ್ಲ. ನಾಲ್ಕು ಗೋಡೆ ಮತ್ತು ಒಂದು ಗೇಟು. ಅವುಗಳದ್ದೂ ದೂರೇ ಅಲ್ಲವೇ? ನನಗಿಂತ ಮೊದಲೇ, ನನಗಿಂತ ಜೋರಾಗಿ ಸಲ್ಲಿಸಿವೆ. ಸ್ವೀಕೃತಿ ಪತ್ರ ಅವಕ್ಕೂ ಸಿಕ್ಕಿಲ್ಲ. ಹಾಗಾಗಿ "ಕಾರಣ" ಎಂಬಲ್ಲಿ "ಯಜಮಾನರು" ಎಂದು ಬರೆದೆ. ನಾಯಿಯ ಕಾರಣ ಕೇಳಿದರೆ ಮನುಷ್ಯರನ್ನು ತೋರಿಸುವಂತಿಲ್ಲ ಎಂದು ನಮೂನೆ ವಾಪಸು ಬಂತು. "ಎಲೆ" ಎಂದು ತಿದ್ದಿಕೊಟ್ಟೆ. ಅಂಗೀಕಾರವಾಯಿತು.

ತನಿಖೆಗೆ ಅಧಿಕಾರಿ ಬರುವ ದಿನವನ್ನು ಯಜಮಾನರಿಗೆ ಮೊದಲೇ ತಿಳಿಸಲಾಗಿತ್ತು. ನ್ಯಾಯ ಎಂದರೆ ಹಾಗೆ. ಅವರು ರಜೆ ಹಾಕಿ, ನಸುಕಿನಲ್ಲೇ ನಾಯಿಗಳನ್ನು ಎರಡು ಗಂಟೆ ಸುತ್ತಾಡಿಸಿ ತಂದರು. ಅಧಿಕಾರಿ ಬಂದಾಗ ಎರಡೂ ಅವರ ಪಾದದ ಬಳಿ ಗೊರಕೆ ಹೊಡೆಯುತ್ತಿದ್ದವು. ಇಷ್ಟು ಸುಲಭದ ಔಷಧ ಇದೆಯೆಂದು ಅವತ್ತೇ ನನಗೆ ತಿಳಿದದ್ದು. ಅದನ್ನು ತನಿಖೆಯ ದಿನ ಮಾತ್ರ ಕೊಡುತ್ತಾರೆ.

ನಾನು ಬಿಡಲಿಲ್ಲ. ಮೊಬೈಲಿನಲ್ಲಿ ಹಿಡಿದಿಟ್ಟಿದ್ದ ಮೂರು ರಾತ್ರಿಗಳ ಬೊಗಳಿಕೆಯನ್ನು ಪೂರ್ತಿ ಸದ್ದಿನಲ್ಲಿ ಹಾಕಿದೆ. ಅಧಿಕಾರಿ ಮಾಪಕವನ್ನು ಅದರ ಹತ್ತಿರ ಹಿಡಿದರು. ಮುಳ್ಳು ಎದ್ದಿತು, ನಾಯಿಗಳೂ ಎದ್ದವು. ನನ್ನ ಮನೆಯಲ್ಲಿ ಅಪರಿಚಿತ ನಾಯಿಗಳಿವೆ ಎಂದುಕೊಂಡು ಕಟ್ಟೆ ಒಡೆದಂತೆ ಬೊಗಳತೊಡಗಿದವು.

"ನೋಡಿದಿರಾ ಸ್ವಾಮಿ?" ಎಂದರು ಯಜಮಾನರು, ನಿಜಕ್ಕೂ ನೊಂದು. "ಎಷ್ಟು ತೆಪ್ಪಗೆ ಮಲಗಿದ್ದವು!"

"ಸದ್ದಿನ ಮೂಲ: ದೂರುದಾರರ ಮೊಬೈಲ್" ಎಂದು ವರದಿಯಾಯಿತು. ನಾನೂ ಸಹಿ ಹಾಕಿದೆ. ಹೊರಡುವ ಮುನ್ನ ಅಧಿಕಾರಿ ಚೀಲದಿಂದ ಹೊಸದೊಂದು ನಮೂನೆ ತೆಗೆದು ಯಜಮಾನರ ಕೈಗಿತ್ತರು. ದಿನಾಂಕ, ಆರಂಭ, ಮುಕ್ತಾಯ, ಕಾರಣ.